ನಮ್ಮ ಖಾತೆಯ ಲೆಕ್ಕ ನಮಗೇ ಕೊಡದಿದ್ದರೆ

ಕಬ್ಬಿನ ಬಿಲ್ಲು ಕೈಗೆ ಬಂದ ಮೇಲೆ ಟ್ರ್ಯಾಕ್ಟರ್ ಸಾಲ ಚುಕ್ತಾ ಮಾಡೋಣ ಎಂದು ಜಮಖಂಡಿಯಲ್ಲೋ ಅಥಣಿಯಲ್ಲೋ ಫೈನಾನ್ಸ್ ಕಂಪನಿಯ ಶಾಖೆಗೆ ಹೋದವರಿಗೆ ಕೌಂಟರಿನಲ್ಲಿ ಒಂದು ಅಂಕಿ ಹೇಳುತ್ತಾರೆ. ಮನೆಯಲ್ಲಿ ಪಾವತಿಗಳನ್ನು (ರಸೀದಿಗಳನ್ನು) ಮುಂದಿಟ್ಟುಕೊಂಡು ಹಾಕಿದ ಲೆಕ್ಕಕ್ಕೂ ಆ ಅಂಕಿಗೂ ತಾಳೆಯಾಗುವುದಿಲ್ಲ. ಹೇಗೆ ಎಂದು ಕೇಳಿದರೆ ‘ಸಿಸ್ಟಮ್ ತೋರಸ್ತದ್ರಿ’ ಎನ್ನುತ್ತಾರೆ, ಅದರ ಪ್ರತಿ ಕೇಳಿದರೆ ‘ಹೆಡ್ ಆಫೀಸಿನಿಂದ ಬರಬೇಕ್ರಿ’. ಇಳಕಲ್ಲಿನಲ್ಲಿ ಸಂಘದ ಸಾಲ ಪಡೆದ ಹೆಣ್ಣುಮಕ್ಕಳು, ವಿಜಯಪುರದಲ್ಲಿ ಬಂಗಾರ ಅಡವಿಟ್ಟವರು, ಬೆಳಗಾವಿಯ ಸೊಸೈಟಿಯಲ್ಲಿ ಠೇವಣಿ ಇಟ್ಟ ನಿವೃತ್ತರು ಕೇಳುವುದೂ ಇದೇ ಮಾತು.

ಇಲ್ಲಿ ಬಹಳ ಜನ ನೇರವಾಗಿ ಹಣದ ಜಗಳಕ್ಕೆ ಇಳಿಯುತ್ತಾರೆ. ‘ಇಷ್ಟು ಹೆಚ್ಚು ಹಾಕಿದ್ದೀರಿ, ಬಿಡಿ’ ಎಂದು ದೂರು ಬರೆಯುತ್ತಾರೆ. ಕಂಪನಿ ‘ಖಾತೆಯ ಪ್ರಕಾರ ಸರಿಯಿದೆ’ ಎಂದು ಒಂದು ಸಾಲಿನ ಉತ್ತರ ಕೊಟ್ಟು ದೂರು ಮುಚ್ಚುತ್ತದೆ. ಖಾತೆ ಇರುವುದು ಅವರ ಕೈಯಲ್ಲಿ, ಆದ್ದರಿಂದ ಆ ಜಗಳದಲ್ಲಿ ಗ್ರಾಹಕ ಮೊದಲೇ ಸೋತಿರುತ್ತಾನೆ. ಮೊದಲು ಆಡಬೇಕಾದದ್ದು ಲೆಕ್ಕದ ಜಗಳ, ಅದೂ ಬರವಣಿಗೆಯಲ್ಲಿ. ಯಾಕೆಂದರೆ ಲೆಕ್ಕ ಕೊಡದಿರುವುದೇ ಕಾನೂನಿನ ಕಣ್ಣಿನಲ್ಲಿ ಒಂದು ಪ್ರತ್ಯೇಕ ತಪ್ಪು.

2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(11) ‘ಸೇವಾ ನ್ಯೂನತೆ’ ಎಂದರೇನು ಎಂದು ಹೇಳುತ್ತದೆ. ಕೆಲಸದಲ್ಲಿನ ಕೊರತೆ, ದೋಷ ಇವೆಲ್ಲ 1986ರ ಹಳೆಯ ಕಾಯ್ದೆಯಿಂದಲೇ ನಡೆದು ಬಂದ ಸಂಗತಿಗಳು. ಹೊಸ ಕಾಯ್ದೆ ಅದಕ್ಕೆ ಇನ್ನೊಂದನ್ನು ಸೇರಿಸಿತು: ಗ್ರಾಹಕನಿಗೆ ಸಂಬಂಧಪಟ್ಟ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದೂ ಸೇವಾ ನ್ಯೂನತೆಯೇ. ಇದರರ್ಥ, ಬಾಕಿಯ ಅಂಕಿ ಕೊನೆಗೆ ಸರಿಯೆಂದೇ ತೀರ್ಮಾನವಾದರೂ, ಕೇಳಿದಾಗ ಲೆಕ್ಕ ಕೊಡದೆ ಅಲೆದಾಡಿಸಿದ್ದಕ್ಕೆ ಬೇರೆಯಾಗಿ ಪರಿಹಾರ ಕೇಳಬಹುದು. ದೂರು ಬರೆಯುವ ಬಹುತೇಕರು ಬಿಟ್ಟುಬಿಡುವುದು ಈ ಒಂದು ಅಂಶವನ್ನೇ.

ಆದರೆ ‘ಉದ್ದೇಶಪೂರ್ವಕ’ ಎಂಬ ಶಬ್ದಕ್ಕೆ ಪುರಾವೆ ಬೇಕು. ಬಾಯಿಮಾತಿನಲ್ಲಿ ಹತ್ತು ಸಲ ಕೇಳಿದ್ದಕ್ಕೆ ಪುರಾವೆ ಇರುವುದಿಲ್ಲ. ಇಂಥ ದಿನ, ಇಂಥ ದಾಖಲೆ ಕೇಳಿದೆ, ಅವರು ಸ್ವೀಕರಿಸಿದರು, ಗಡುವು ಮುಗಿದರೂ ಕೊಡಲಿಲ್ಲ ಎಂದು ತೋರಿಸುವ ಕಾಗದ ಇದ್ದರೆ ಉದ್ದೇಶ ತಾನಾಗಿಯೇ ಕಾಣುತ್ತದೆ. ಹಾಗಾಗಿ ಮೊದಲ ಪತ್ರದ ಮೇಲೆ ಬಹಳಷ್ಟು ನಿಂತಿದೆ. ಅದು ಹೀಗಿರಲಿ:

‘ವಿಷಯ: ಸಾಲ ಖಾತೆ ಸಂಖ್ಯೆ ____ ಕುರಿತು ದೂರು ಹಾಗೂ ದಾಖಲೆಗಳ ಪ್ರತಿ ಕೋರಿಕೆ.

ಈ ಖಾತೆಯಲ್ಲಿ ₹____ ಬಾಕಿಯಿದೆ ಎಂದು ತಾವು ದಿನಾಂಕ ____ರಂದು ತಿಳಿಸಿದ್ದೀರಿ. ಈ ಮೊತ್ತವನ್ನು ನಾನು ಒಪ್ಪಿಲ್ಲ. ಸಾಲ ಮಂಜೂರಾದ ದಿನದಿಂದ ಇಂದಿನವರೆಗಿನ ಪೂರ್ಣ ಖಾತೆ ಉತಾರ (ಸ್ಟೇಟ್‌ಮೆಂಟ್), ನಾನು ಸಹಿ ಮಾಡಿದ ಸಾಲದ ಕರಾರು ಮತ್ತು ಅದರ ಎಲ್ಲ ಲಗತ್ತುಗಳು, ಕಂತುಗಳ ಪಟ್ಟಿ, ದಂಡ ಶುಲ್ಕ, ಬೌನ್ಸ್ ಶುಲ್ಕ, ವಿಮೆ ಹಾಗೂ ಇತರ ಖರ್ಚುಗಳ ದಿನಾಂಕವಾರು ವಿವರ, ಮುಕ್ತಾಯ ಮೊತ್ತದ ಲೆಕ್ಕದ ಹಾಳೆ — ಇವುಗಳ ದೃಢೀಕೃತ ಪ್ರತಿಗಳನ್ನು ಈ ಪತ್ರ ತಲುಪಿದ 15 ದಿನಗಳೊಳಗೆ ಕೊಡಬೇಕು. ಯಾವುದನ್ನಾದರೂ ಕೊಡಲಾಗದಿದ್ದರೆ, ಯಾವ ದಾಖಲೆಯನ್ನು ಯಾವ ನಿಯಮದಡಿ ಕೊಡಲಾಗದು ಎಂದು ಬರವಣಿಗೆಯಲ್ಲಿ ತಿಳಿಸಬೇಕು. ದೂರು ಇತ್ಯರ್ಥವಾಗುವವರೆಗೆ ಈ ಖಾತೆಯ ಕರೆ ಧ್ವನಿಮುದ್ರಣ, ಎಸ್‌ಎಂಎಸ್ ದಾಖಲೆ ಮತ್ತು ಸಿಸಿಟಿವಿ ದೃಶ್ಯಗಳನ್ನು ಅಳಿಸದೆ ಉಳಿಸಬೇಕು.’

ವಿಷಯದ ಸಾಲಿನಲ್ಲಿ ‘ದೂರು’ ಎಂಬ ಶಬ್ದ ಇರಲೇಬೇಕು. ಬರೀ ‘ಕೋರಿಕೆ’ ಎಂದಿದ್ದರೆ, ಮುಂದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಹತ್ತಿರ ಹೋದಾಗ ‘ಇವರು ನಮ್ಮಲ್ಲಿ ದೂರೇ ಕೊಟ್ಟಿಲ್ಲ’ ಎಂದು ಬ್ಯಾಂಕು ಹೇಳಲು ದಾರಿಯಾಗುತ್ತದೆ. ಉತ್ತರ ಕೊಡಲು ಸಂಸ್ಥೆಗೆ ಅಲ್ಲಿ ಲೆಕ್ಕ ಹಿಡಿಯುವ 30 ದಿನಗಳು ದೂರು ಅದಕ್ಕೆ ತಲುಪಿದ ದಿನದಿಂದ ಶುರುವಾಗುತ್ತವೆ. ಪತ್ರದಲ್ಲಿನ 15 ದಿನ ನಾವೇ ಕೊಡುವ ಗಡುವು, ಯಾವ ಕಾಯ್ದೆಯಲ್ಲೂ ಬರೆದದ್ದಲ್ಲ. ಕಂಪ್ಯೂಟರಿನಲ್ಲಿರುವ ಉತಾರವನ್ನು ಮುದ್ರಿಸಿ ಕೊಡಲು ಅಷ್ಟು ಸಾಕು. ಪತ್ರವನ್ನು ಶಾಖೆಗೆ ಒಂದು, ಕಂಪನಿಯ ಕುಂದುಕೊರತೆ ಅಧಿಕಾರಿ ಅಥವಾ ನೋಡಲ್ ಅಧಿಕಾರಿಗೆ ಒಂದು ಕೊಡಿ. ಶಾಖೆಯಲ್ಲಿ ನಿಮ್ಮ ಪ್ರತಿಯ ಮೇಲೆ ಸಹಿ-ಶಿಕ್ಕಾ ಮತ್ತು ದಿನಾಂಕ ಹಾಕಿಸಿ. ಹಾಕದಿದ್ದರೆ ವಾದಕ್ಕೆ ನಿಲ್ಲದೆ ಅಂಚೆ ಕಚೇರಿಗೆ ನಡೆದು ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ವಿವರದ ಮುದ್ರಿತ ಪ್ರತಿ ತೆಗೆದಿಟ್ಟುಕೊಳ್ಳಿ. ಇಮೇಲ್ ಕೂಡ ಕಳಿಸಿ. ಕಾಲ್ ಸೆಂಟರಿಗೆ ಫೋನ್ ಮಾಡಿದರೆ ದೂರಿನ ಸಂಖ್ಯೆ ಬರೆದುಕೊಳ್ಳದೆ ಕರೆ ಮುಗಿಸಬೇಡಿ.

ಉತಾರ ಕೈಗೆ ಬಂದರೆ ಏನು ನೋಡಬೇಕು? ತಪ್ಪು ಸಾಮಾನ್ಯವಾಗಿ ಬಡ್ಡಿಯ ದರದಲ್ಲಿ ಇರುವುದಿಲ್ಲ, ದಿನಾಂಕಗಳಲ್ಲಿ ಇರುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ₹60,000ದ ಅರ್ಧವಾರ್ಷಿಕ ಕಂತಿನ ಗಡುವು ಮಾರ್ಚ್ 31. ರೈತ ಮಾರ್ಚ್ 28ಕ್ಕೇ ವಸೂಲಿ ಏಜೆಂಟನ ಕೈಗೆ ನಗದು ಕೊಟ್ಟು ಪಾವತಿ ಪಡೆದಿದ್ದಾನೆ. ಏಜೆಂಟ್ ಅದನ್ನು ಕಂಪನಿಗೆ ಕಟ್ಟಿದ್ದು ಏಪ್ರಿಲ್ 9ಕ್ಕೆ. ಉತಾರದಲ್ಲಿ ಜಮೆ ಏಪ್ರಿಲ್ 9 ಎಂದೇ ಬೀಳುತ್ತದೆ. ದಂಡದ ದರ ವರ್ಷಕ್ಕೆ ಶೇ. 36 ಇದ್ದರೆ ಒಂಬತ್ತು ದಿನಕ್ಕೆ ₹533. ಅದರ ಮೇಲೆ ಶೇ. 18 ಜಿಎಸ್‌ಟಿ ಎಂದು ₹96. ಮಾರ್ಚ್ 31ಕ್ಕೆ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ಆದೇಶವನ್ನೂ ಕಳಿಸಿ, ಅದು ವಾಪಸಾಯಿತು ಎಂದು ಬೌನ್ಸ್ ಶುಲ್ಕ ₹500. ಗಡುವಿಗೆ ಮೂರು ದಿನ ಮುಂಚೆ ಹಣ ಕೊಟ್ಟವನ ಹೆಸರಿನಲ್ಲಿ ₹1,129 ಬಾಕಿ. ಮುಂದಿನ ಕಂತು ಬಂದಾಗ ಈ ಬಾಕಿಯನ್ನು ಮೊದಲು ಮುರಿದುಕೊಂಡರೆ ಆ ಕಂತೂ ಅಷ್ಟರಮಟ್ಟಿಗೆ ಕಡಿಮೆ ಬೀಳುತ್ತದೆ, ಅದಕ್ಕೂ ದಂಡ ಹತ್ತುತ್ತದೆ. ಐದು ವರ್ಷ ಹೀಗೇ ನಡೆದರೆ ಕೊನೆಯಲ್ಲಿ ಕೌಂಟರಿನಲ್ಲಿ ಹೇಳುವ ಅಂಕಿ ಯಾರಿಗೂ ಅರ್ಥವಾಗದಂತಾಗುತ್ತದೆ.

ಆ ₹1,129ರಲ್ಲಿ ಪ್ರಶ್ನಿಸಬೇಕಾದದ್ದು ಒಂದಲ್ಲ, ಮೂರು. ಏಜೆಂಟನ ಪಾವತಿ ಕಂಪನಿಯದೇ ಪಾವತಿ, ಜಮೆ ಆ ದಿನದಿಂದಲೇ ಸಿಗಬೇಕು. ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕಬಾರದು, ಶುಲ್ಕವೆಂದು ಹಾಕಬಹುದು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಲೆಕ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದೇ ಹೇಳಿದೆ. ಇನ್ನು ಬ್ಯಾಂಕು ಹಾಗೂ ಬ್ಯಾಂಕೇತರ ಹಣಕಾಸು ಕಂಪನಿಗಳು ವಿಧಿಸುವ ದಂಡ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ತೆರಿಗೆ ಮಂಡಳಿ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಕಂಪನಿಗಳು ಉತಾರ ಕೊಡಲು ಹಿಂದೇಟು ಹಾಕುವುದು ಯಾಕೆಂಬುದು ಇಂಥ ಸಾಲುಗಳನ್ನು ಓದಿದಾಗ ಗೊತ್ತಾಗುತ್ತದೆ. ಏಜೆಂಟನ ಪಾವತಿಗಳು ಥರ್ಮಲ್ ಕಾಗದದಲ್ಲಿದ್ದರೆ ವರ್ಷದೊಳಗೆ ಅಕ್ಷರ ಮಾಸುತ್ತವೆ, ಪಡೆದ ದಿನವೇ ಫೋಟೊ ತೆಗೆದಿಡಿ.

ಕೊಡದಿರಲು ಹೇಳುವ ನೆಪಗಳೂ ಹೊಸವೇನಲ್ಲ. ‘ಹಳೆಯ ದಾಖಲೆ ಸಿಗುವುದಿಲ್ಲ’ ಎಂಬುದು ಒಂದು. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕಲಂ 12ರ ಪ್ರಕಾರ ಬ್ಯಾಂಕು ಮತ್ತು ಹಣಕಾಸು ಕಂಪನಿಗಳು ಪ್ರತಿ ವ್ಯವಹಾರದ ದಾಖಲೆಯನ್ನು ಅದು ನಡೆದ ದಿನದಿಂದ ಐದು ವರ್ಷ ಕಾಪಾಡಲೇಬೇಕು. ‘ಗೋಪ್ಯತೆಯ ನಿಯಮ ಅಡ್ಡ ಬರುತ್ತದೆ’ ಎಂಬುದು ಇನ್ನೊಂದು. ಗೋಪ್ಯತೆ ಇರುವುದು ನಿಮ್ಮ ಲೆಕ್ಕವನ್ನು ಬೇರೆಯವರು ನೋಡಬಾರದೆಂದು. ಖಾತೆದಾರನಿಗೇ ಅದನ್ನು ತೋರಿಸಲು ಅಡ್ಡಿಯಿಲ್ಲ. ‘ಮೊದಲು ಬಾಕಿ ಕಟ್ಟಿ, ಆಮೇಲೆ ಉತಾರ’ ಎಂಬುದಕ್ಕಂತೂ ಯಾವ ನಿಯಮದ ಆಸರೆಯೂ ಇಲ್ಲ. ಕರಾರಿನ ಪ್ರತಿಯನ್ನು ಎಲ್ಲ ಲಗತ್ತುಗಳೊಂದಿಗೆ ಸಾಲ ಕೊಡುವಾಗಲೇ ಕೊಟ್ಟಿರಬೇಕು ಎಂಬುದು ಹಣಕಾಸು ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ ಹಾಕಿಕೊಟ್ಟ ನ್ಯಾಯಯುತ ನಡಾವಳಿ ಸಂಹಿತೆಯಲ್ಲೇ ಇದೆ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿದ್ದರೆ ಒಳ್ಳೆಯದು ಎಂಬ ಮಾತಿನೊಂದಿಗೆ. 2024ರ ಅಕ್ಟೋಬರ್ 1ರಿಂದ ಮಂಜೂರಾದ ಚಿಲ್ಲರೆ (ರಿಟೇಲ್) ಸಾಲಗಳಿಗೆ ಬಡ್ಡಿ, ಶುಲ್ಕಗಳನ್ನು ಒಂದೆಡೆ ಹೇಳುವ ‘ಮುಖ್ಯ ಸಂಗತಿಗಳ ಹೇಳಿಕೆ’ ಕಡ್ಡಾಯ, ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಅದರಲ್ಲಿ ಹೇಳದ ಶುಲ್ಕವನ್ನು ಆಮೇಲೆ ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಚಿಕ್ಕೋಡಿಯ ಸಾಲಗಾರನಿಗೆ ಬರೀ ಇಂಗ್ಲಿಷಿನ ಹತ್ತು ಪುಟಕ್ಕೆ ಸಹಿ ಹಾಕಿಸಿಕೊಂಡಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ.

ಎಲ್ಲವನ್ನೂ ಕೊಡಬೇಕೆಂದೇನಿಲ್ಲ ಎಂಬುದನ್ನೂ ಹೇಳಬೇಕು. ಬೇರೆ ಗ್ರಾಹಕರ ವಿವರ, ಕಂಪನಿಯ ವಕೀಲರ ಸಲಹೆ, ವಂಚನೆಯ ಒಳತನಿಖೆಯ ಟಿಪ್ಪಣಿ ಇವನ್ನು ಅವರು ತಡೆಹಿಡಿಯಬಹುದು. ಇತರರ ಮುಖವಿರುವ ಸಿಸಿಟಿವಿ ದೃಶ್ಯವನ್ನು ನೇರವಾಗಿ ಕೈಗೆ ಕೊಡದಿದ್ದರೆ ಅದೂ ನ್ಯಾಯವೇ. ಅದಕ್ಕೇ ಪತ್ರದಲ್ಲಿ ‘ಕೊಡಿ’ ಎನ್ನದೆ ‘ಉಳಿಸಿ’ ಎಂದು ಬರೆಯುವುದು. ದೃಶ್ಯಗಳು ಕೆಲವೇ ವಾರಗಳಲ್ಲಿ ತಾನಾಗಿ ಅಳಿಸಿಹೋಗುತ್ತವೆ, ಒಮ್ಮೆ ಲಿಖಿತವಾಗಿ ಕೇಳಿದ ಮೇಲೆ ಅಳಿಸಿದರೆ ಉತ್ತರ ಕೊಡಬೇಕಾದವರು ಅವರೇ.

ಯಾವ ದಾಖಲೆ ಕೇಳಬೇಕೆಂಬುದು ವ್ಯವಹಾರದ ಮೇಲೆ ಹೋಗುತ್ತದೆ. ಎಟಿಎಂನಿಂದ ಹಣ ಬಾರದೆ ಖಾತೆಯಲ್ಲಿ ಕಡಿತವಾಗಿದ್ದರೆ ಆ ಹೊತ್ತಿನ ಜರ್ನಲ್ ಲಾಗ್ (ಯಂತ್ರವೇ ಬರೆದಿಡುವ ವ್ಯವಹಾರದ ದಾಖಲೆ), ಅಂದಿನ ನಗದು ತಾಳೆ ವರದಿ ಮತ್ತು ಯಂತ್ರದಲ್ಲಿ ಹೆಚ್ಚುವರಿ ನಗದು ಇರಲಿಲ್ಲವೆಂಬ ಪ್ರಮಾಣಪತ್ರ ಕೇಳಿ. ಹಣ ಐದು ದಿನದೊಳಗೆ ವಾಪಸಾಗಬೇಕು, ತಡವಾದ ಪ್ರತಿ ದಿನಕ್ಕೆ ₹100 ಬ್ಯಾಂಕೇ ಕೊಡಬೇಕು ಎಂಬ ನಿಯಮ 2019ರಿಂದ ಇದೆ. ಗೊತ್ತಿಲ್ಲದೆ ಖಾತೆಯಿಂದ ಹಣ ಹೋಗಿದ್ದರೆ, ಗ್ರಾಹಕನೇ ಹೊಣೆ ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನದು (2017ರ ಜುಲೈ 6ರ ಆದೇಶ). ಒಟಿಪಿ ಯಾವ ಸಂಖ್ಯೆಗೆ ಹೋಯಿತು, ಯಾವ ಸಾಧನದಿಂದ ಲಾಗಿನ್ ಆಯಿತು ಎಂಬ ದಾಖಲೆ ಅವರ ಹತ್ತಿರವೇ ಇರುತ್ತದೆ. ಮೊಬೈಲ್ ಪ್ರಿಪೇಯ್ಡ್ ಗ್ರಾಹಕರು ಹಿಂದಿನ ಆರು ತಿಂಗಳೊಳಗಿನ ಬಳಕೆಯ ವಿವರವಾದ ಬಿಲ್ಲನ್ನು ₹50 ಮೀರದ ಶುಲ್ಕಕ್ಕೆ ಕೇಳಿ ಪಡೆಯಬಹುದು. ಆನ್‌ಲೈನ್‌ನಲ್ಲಿ ಕೊಂಡ ಸಾಮಾನು ಕೆಟ್ಟು ಮಾರಾಟಗಾರ ಯಾರೆಂದೇ ಗೊತ್ತಾಗದಿದ್ದರೆ, ಲಿಖಿತವಾಗಿ ಕೇಳಿದ ಗ್ರಾಹಕನಿಗೆ ಮಾರಾಟಗಾರನ ವಿಳಾಸ ಸಹಿತ ವಿವರ ಕೊಡುವುದು 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ತಾಣದ ಕರ್ತವ್ಯ.

ಬಂಗಾರದ ಸಾಲಕ್ಕೆ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊಸ ನಿರ್ದೇಶನ ಹೊರಡಿಸಿತು, ಪಾಲನೆಗೆ ಕೊನೆಯ ಗಡುವು 2026ರ ಏಪ್ರಿಲ್ 1. ಒಡವೆಯ ಪರೀಕ್ಷೆ ಸಾಲಗಾರನ ಎದುರಿಗೇ ನಡೆಯಬೇಕು. ನಿವ್ವಳ ತೂಕ, ಶುದ್ಧತೆ, ಹರಳು-ಅರಗಿಗೆ ಮುರಿದುಕೊಂಡ ತೂಕ ಬರೆದ ಪ್ರಮಾಣಪತ್ರ ಕೈಗೆ ಸಿಗಬೇಕು. ಹರಾಜಾದರೆ ಸಾಲ ಕಳೆದು ಉಳಿದ ಹಣ, ಹರಾಜಿನ ಪೂರ್ತಿ ಮೊತ್ತ ಬಂದ ಏಳು ಕೆಲಸದ ದಿನಗಳೊಳಗೆ ವಾಪಸ್ ಬರಬೇಕು. ಹರಾಜಿನ ನೋಟಿಸು, ಮೀಸಲು ಬೆಲೆ, ಕೊಂಡ ಬೆಲೆ ಈ ಮೂರನ್ನೂ ಕೇಳದೆ ‘ಹರಾಜಾಗಿದೆ’ ಎಂಬ ಮಾತನ್ನು ಒಪ್ಪಬೇಡಿ. ಮೈಕ್ರೋಫೈನಾನ್ಸ್ ಸಾಲದಲ್ಲಿ ಸಾಲದ ಕಾರ್ಡೇ ಆಧಾರ. ಕಟ್ಟಿದ ಪ್ರತಿ ಕಂತಿಗೂ, ಕೊನೆಗೆ ಸಾಲ ತೀರಿದ್ದಕ್ಕೂ ಅದರಲ್ಲಿ ಕಂಪನಿಯ ಗುರುತು ಬೀಳಬೇಕು, ಸಾಲಗಾರಳಿಗೆ ತಿಳಿಯುವ ಭಾಷೆಯಲ್ಲಿ ಬರೆದಿರಬೇಕು ಎಂದು 2022ರ ನಿರ್ದೇಶನ ಹೇಳುತ್ತದೆ. ಕಾರ್ಡನ್ನು ಗುಂಪಿನ ಮುಖ್ಯಸ್ಥೆಯೋ ಏಜೆಂಟನೋ ಇಟ್ಟುಕೊಳ್ಳುವ ರೂಢಿ ಮೊದಲು ನಿಲ್ಲಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಬಿಗಿಯಾದ ಗಂಟು ಇರುವುದು ಪತ್ತಿನ ಸಂಘ ಮತ್ತು ಸೌಹಾರ್ದಗಳಲ್ಲಿ. ಇವು ಬ್ಯಾಂಕಿನಂತೆ ಕಂಡರೂ ಬ್ಯಾಂಕಲ್ಲ. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇವುಗಳ ದೂರು ನೋಡುವುದಿಲ್ಲ, ಬ್ಯಾಂಕ್ ಠೇವಣಿಗಿರುವ ₹5 ಲಕ್ಷದ ವಿಮೆಯೂ ಇಲ್ಲಿನ ಠೇವಣಿಗೆ ಇಲ್ಲ. ಸಹಕಾರ ಸಂಘ ಎಂದ ಮಾತ್ರಕ್ಕೆ ಮಾಹಿತಿ ಹಕ್ಕಿಗೆ ಒಳಪಡುವುದಿಲ್ಲ ಎಂದು 2013ರಲ್ಲಿ ತಲಪ್ಪಾಲಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗೆಂದು ಬಾಗಿಲು ಮುಚ್ಚಿಲ್ಲ. ಅದೇ ತೀರ್ಪಿನ ಪ್ರಕಾರ, ಸಹಕಾರ ಇಲಾಖೆಯ ನಿಬಂಧಕರು (ರಿಜಿಸ್ಟ್ರಾರ್) ಮಾಹಿತಿ ಹಕ್ಕಿಗೆ ಒಳಪಡುವ ಸಾರ್ವಜನಿಕ ಪ್ರಾಧಿಕಾರ. ಕಾನೂನಿನಡಿ ಅವರು ಸಂಘದಿಂದ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ಅವರ ಮೂಲಕ ಕೇಳಬಹುದು. ಹಾಗಾಗಿ ಸಂಘ ಮೌನವಾಗಿದ್ದರೆ ಲೆಕ್ಕಪರಿಶೋಧನಾ ವರದಿಗಾಗಿ ನಿಬಂಧಕರ ಕಚೇರಿಗೆ ₹10 ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಶಬ್ದದೊಳಗೆ ಇರಬೇಕು. ಉದ್ದವಾದರೆ ಅಷ್ಟಕ್ಕೇ ತಿರಸ್ಕರಿಸಿಬಿಡುತ್ತಾರೆ.

ಸಂಘದ ಹೆಸರಿನ ಫಲಕ ಮತ್ತು ಠೇವಣಿ ಪಾವತಿಯನ್ನು ಸರಿಯಾಗಿ ಓದಿ, ಅದು ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂಬುದು ಅಲ್ಲೇ ಇರುತ್ತದೆ: 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯೋ, 1997ರ ಸೌಹಾರ್ದ ಕಾಯ್ದೆಯೋ, 2002ರ ಬಹುರಾಜ್ಯ ಕಾಯ್ದೆಯೋ. ಗಡಿಯಾಚೆ ಮಹಾರಾಷ್ಟ್ರದಲ್ಲೂ ಶಾಖೆ ಇರುವ ಬೆಳಗಾವಿಯ ಸೊಸೈಟಿಗಳು ಸಾಮಾನ್ಯವಾಗಿ ಮೂರನೆಯ ಗುಂಪಿನವು. ಅವುಗಳ ಸದಸ್ಯರಿಗೆ 2023ರ ತಿದ್ದುಪಡಿಯಲ್ಲಿ ಸಹಕಾರ ಒಂಬುಡ್ಸ್‌ಮನ್ ಎಂಬ ವ್ಯವಸ್ಥೆ ಬಂದಿದೆ, ಠೇವಣಿಯ ದೂರು ಅಲ್ಲಿ ಮೂರು ತಿಂಗಳಲ್ಲಿ ಮುಗಿಯಬೇಕು. ಇವೆಲ್ಲದರ ಜೊತೆಗೆ, ಸಹಕಾರ ಕಾಯ್ದೆಯಡಿ ಬೇರೆ ದಾರಿಯಿದ್ದರೂ ಸದಸ್ಯ ಗ್ರಾಹಕರ ವೇದಿಕೆಗೆ (ಈಗಿನ ಗ್ರಾಹಕರ ಆಯೋಗ) ಬರಬಹುದು ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ತಿರುಮುರುಗನ್ ಸಂಘದ ಪ್ರಕರಣದಲ್ಲಿ ತೀರ್ಮಾನಿಸಿದೆ. ‘ನೀವು ಸದಸ್ಯರು, ಗ್ರಾಹಕರಲ್ಲ’ ಎಂದು ಆಡಳಿತ ಮಂಡಳಿ ಹೇಳಿದರೆ ಈ ತೀರ್ಪನ್ನು ತೋರಿಸಿ. ರಾಷ್ಟ್ರೀಕೃತ ಬ್ಯಾಂಕು, ಹೆಸ್ಕಾಂ, ಎಲ್‌ಐಸಿ, ಬಿಎಸ್‌ಎನ್‌ಎಲ್ ಆದರೆ ಇಷ್ಟು ಸುತ್ತುವ ಅಗತ್ಯವಿಲ್ಲ, ನಿಮ್ಮ ಖಾತೆಯ ಮಾಹಿತಿಗೆ ನೇರವಾಗಿ ಮಾಹಿತಿ ಹಕ್ಕಿನ ಅರ್ಜಿ ನಡೆಯುತ್ತದೆ, ಉತ್ತರಕ್ಕೆ 30 ದಿನ.

ಪತ್ರ ಕೊಟ್ಟು 30 ದಿನ ಕಳೆಯಿತು, ಉತ್ತರವಿಲ್ಲ ಅಥವಾ ಅರೆಬರೆ ಉತ್ತರ ಬಂತು. ಬ್ಯಾಂಕು ಅಥವಾ ದೊಡ್ಡ ಹಣಕಾಸು ಕಂಪನಿಯಾದರೆ ಮೊದಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ಹೋಗುವುದು ಒಳ್ಳೆಯದು. ಖರ್ಚಿಲ್ಲ, ಸಹಾಯವಾಣಿ 14448. 2021ರ ನವೆಂಬರ್‌ನಲ್ಲಿ ಜಾರಿಯಾದ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಮಾತಿದೆ: ಕೇಳಿದ ಮಾಹಿತಿ ಮತ್ತು ದಾಖಲೆಯನ್ನು ಸಂಸ್ಥೆ ಕೊಡದಿದ್ದರೆ ಒಂಬುಡ್ಸ್‌ಮನ್ ಅದರ ವಿರುದ್ಧವೇ ಊಹೆ ಮಾಡಬಹುದು, ಆ ಕಾರಣಕ್ಕೆ ಹೊರಡಿಸಿದ ಆದೇಶದ ಮೇಲೆ ಸಂಸ್ಥೆಗೆ ಮೇಲ್ಮನವಿಯ ಹಕ್ಕೂ ಇಲ್ಲ. ಒಂದು ಎಚ್ಚರ: ಅದೇ ವಿಷಯ ಗ್ರಾಹಕರ ಆಯೋಗದಲ್ಲಿ ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ದೂರು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಒಂಬುಡ್ಸ್‌ಮನ್ ಮೊದಲು, ಆಯೋಗ ಆಮೇಲೆ. ಆದರೆ ಆಯೋಗಕ್ಕೆ ಹೋಗಲು ಇರುವ ಎರಡು ವರ್ಷದ ಅವಧಿ ಕಾರಣ ಹುಟ್ಟಿದ ದಿನದಿಂದ ಓಡುತ್ತಲೇ ಇರುತ್ತದೆ. ಪತ್ರದ ಮೇಲೆ ಪತ್ರ ಬರೆದರೂ ಅದು ನಿಲ್ಲದು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರರಲ್ಲೂ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ಇದೆ. ಕರಾರಿನಲ್ಲಿ ‘ವ್ಯಾಜ್ಯ ಚೆನ್ನೈನಲ್ಲೇ’ ಅಥವಾ ‘ಮುಂಬೈನಲ್ಲೇ’ ಎಂದು ಬರೆದಿರಲಿ, ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 34 ಹಾಗೆ ಹೇಳುತ್ತದೆ. ಮಧ್ಯಸ್ಥಿಕೆಯ ಷರತ್ತೂ ಇದಕ್ಕೆ ಅಡ್ಡಿಯಲ್ಲ ಎಂಬುದು ಸುಪ್ರೀಂ ಕೋರ್ಟಿನಲ್ಲಿ 2018ರಲ್ಲೇ ತೀರ್ಮಾನವಾದ ಮಾತು. ಟ್ರ್ಯಾಕ್ಟರ್ ಸಾಲವೆಂದರೆ ‘ವ್ಯಾಪಾರದ ಉದ್ದೇಶ’ ಎಂಬ ತಕರಾರು ಬಂದೇ ಬರುತ್ತದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಸಾಮಾನು ಕೊಂಡು ಬಳಸುವುದು ವ್ಯಾಪಾರದ ಉದ್ದೇಶವಲ್ಲ ಎಂದು ಕಲಂ 2(7)ರ ವಿವರಣೆಯಲ್ಲಿದೆ, ಆದ್ದರಿಂದ ಸ್ವಂತ ಹೊಲಕ್ಕೆ ಟ್ರ್ಯಾಕ್ಟರ್ ಬಳಸುತ್ತಿರುವುದನ್ನು ದೂರಿನ ಮೊದಲ ಪುಟದಲ್ಲೇ ಬರೆದು ಪಹಣಿ ಲಗತ್ತಿಸಿ. ಕೊಟ್ಟ ಬೆಲೆ ₹5 ಲಕ್ಷದವರೆಗೆ ಇದ್ದರೆ ಆಯೋಗದ ಶುಲ್ಕವಿಲ್ಲ, ₹5ರಿಂದ 10 ಲಕ್ಷಕ್ಕೆ ₹200.

ದೂರಿನ ಜೊತೆಗೇ ಇನ್ನೊಂದು ಅರ್ಜಿ ಹಾಕಬೇಕು. ಕಲಂ 38(9) ಜಿಲ್ಲಾ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರ ಕೊಟ್ಟಿದೆ, ಅದರಲ್ಲಿ ದಾಖಲೆ ಹಾಜರುಪಡಿಸುವಂತೆ ಆದೇಶಿಸುವುದೂ ಸೇರಿದೆ. ‘ಸಂಬಂಧಪಟ್ಟ ಎಲ್ಲ ದಾಖಲೆ’ ಎಂದು ಕೇಳಿದರೆ ಎದುರಿನ ವಕೀಲರು ಅಸ್ಪಷ್ಟವೆಂದು ತಕರಾರು ಮಾಡುತ್ತಾರೆ. ಮೊದಲ ಪತ್ರದಲ್ಲಿ ಹೆಸರಿಸಿದ ದಾಖಲೆಗಳನ್ನೇ ಅದೇ ಕ್ರಮದಲ್ಲಿ ಇಲ್ಲಿ ಬರೆಯಿರಿ, ಆ ಪತ್ರವನ್ನು ಲಗತ್ತಿಸಿ. ಆದೇಶವಾದ ಮೇಲೂ ತರದಿದ್ದರೆ, ತಂದಿದ್ದರೆ ಅದು ಅವರಿಗೇ ವಿರುದ್ಧವಾಗುತ್ತಿತ್ತು ಎಂದು ಊಹಿಸುವಂತೆ ಕೇಳಬಹುದು. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 119 ಈ ತತ್ವವನ್ನೇ ಹೇಳುತ್ತದೆ. ವಾಹನ ಜಪ್ತಿಯ ಭಯವಿದ್ದರೆ ಕಲಂ 38(8)ರ ಪ್ರಕಾರ ಮಧ್ಯಂತರ ಆದೇಶಕ್ಕೂ ಅಂದೇ ಅರ್ಜಿ ಕೊಡಿ. ಕಂಪನಿಗೆ ತಕರಾರು ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನು 15. 45 ದಿನ ದಾಟಿದ ತಕರಾರನ್ನು ಆಯೋಗ ತೆಗೆದುಕೊಳ್ಳುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ, ದಿನಾಂಕ ನೀವೇ ಎಣಿಸುತ್ತಿರಿ.

ಬೇಡಿಕೆಯ ಭಾಗದಲ್ಲಿ ಮಾಹಿತಿ ತಡೆಹಿಡಿದದ್ದಕ್ಕೆ ಪರಿಹಾರ, ಹೆಚ್ಚುವರಿ ವಸೂಲಿಯ ವಾಪಸಾತಿ, ಪ್ರಕರಣದ ಖರ್ಚು ಮೂರನ್ನೂ ಬೇರೆ ಬೇರೆ ಬರೆಯಿರಿ. ಒಟ್ಟಿಗೆ ಒಂದೇ ಮೊತ್ತ ಬರೆದರೆ ಹಣದ ಅಂಶ ಬಿದ್ದಾಗ ಮಾಹಿತಿಯ ಅಂಶವೂ ಅದರ ಜೊತೆ ಬೀಳುವ ಅಪಾಯವಿದೆ. ಬೇಬಾಕಿ ಪ್ರಮಾಣಪತ್ರ, ಆರ್‌ಟಿಒಗೆ ಸಹಿ ಮಾಡಿದ ಫಾರ್ಮ್ 35 (ವಾಹನದ ದಾಖಲೆಯಿಂದ ಸಾಲದ ಗುರುತು ತೆಗೆಸುವ ನಮೂನೆ), ಪಹಣಿಯಲ್ಲಿನ ಬೋಜಾ ಕಡಿಮೆ ಮಾಡಿಸಲು ಪತ್ರ, ಸಾಲದ ಇತಿಹಾಸ ಇಡುವ ಸಂಸ್ಥೆಯಾದ ಸಿಬಿಲ್‌ನಲ್ಲಿ ಖಾತೆ ಮುಕ್ತಾಯದ ತಿದ್ದುಪಡಿ ಇವನ್ನೂ ಅಲ್ಲೇ ಕೇಳಿ, ಆದೇಶದಲ್ಲಿ ಬರುವಂತೆ ನೋಡಿಕೊಳ್ಳಿ. ಆದೇಶ ಪಾಲಿಸದಿದ್ದರೆ ಕಲಂ 72ರಡಿ ಕನಿಷ್ಠ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಅಥವಾ ₹25,000ದಿಂದ ₹1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆ ಅರ್ಜಿಯನ್ನೂ ಅದೇ ಜಿಲ್ಲಾ ಆಯೋಗದಲ್ಲೇ ಹಾಕಬೇಕು.